ಯುಎಸ್‌ಬಿ ಡಿಸ್ಕ್ ತೆರೆಯುತ್ತಿಲ್ಲವೆಂದು ಫಾರ್ಮ್ಯಾಟ್‌ಗೆ ಒಪ್ಪುವ ಮುನ್ನ

ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್ ತೆರೆಯುತ್ತಿಲ್ಲವೆಂದು ಅದನ್ನು ರಿಪೇರಿಯವರ ಕೈಗೆ ಕೊಡಲು ಹೊರಟಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ನಿರ್ಧರಿಸಿ. ಯಾವ ದೋಷವೂ ಇಲ್ಲದ ನನ್ನ ಹಾರ್ಡ್ ಡಿಸ್ಕ್ ಅನ್ನು ತಂತ್ರಜ್ಞರೊಬ್ಬರು ‘ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ಹಾಳಾಗಿದೆ’ ಎಂದು ತಾವೇ ತೀರ್ಮಾನಿಸಿಕೊಂಡು, ನನ್ನನ್ನು ಒಂದು ಮಾತೂ ಕೇಳದೆ ಫಾರ್ಮ್ಯಾಟ್ ಮಾಡಿಕೊಟ್ಟರು. ಅದರಲ್ಲಿದ್ದ ಹಲವು ವರ್ಷಗಳ ಫೋಟೋಗಳೂ ಕಡತಗಳೂ ಹೋದವು.

ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಬಳಸಲು ಅನುಕೂಲವೆಂದು ಆ ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ಫೈಲ್ ಸಿಸ್ಟಮ್ (ಕಡತಗಳನ್ನು ಜೋಡಿಸಿಡುವ ವಿಧಾನ) ರೂಪದಲ್ಲಿತ್ತು. ಕೇಬಲ್ ಸಿಕ್ಕಿಸಿದರೆ ದೀಪ ಹತ್ತುತ್ತಿತ್ತು, ಡಿಸ್ಕ್ ತಿರುಗುವ ಸದ್ದು ಕೇಳಿಸುತ್ತಿತ್ತು, ಫೈಲ್ ಮ್ಯಾನೇಜರ್‌ನಲ್ಲಿ ಅದರ ಹೆಸರೂ ಕಾಣುತ್ತಿತ್ತು. ಆದರೆ ಹೆಸರಿನ ಮೇಲೆ ಕ್ಲಿಕ್ ಮಾಡಿದ ಕೂಡಲೇ, ‘ಎಕ್ಸ್‌ಫ್ಯಾಟ್’ ಎಂಬುದು ಅಪರಿಚಿತ ಫೈಲ್ ಸಿಸ್ಟಮ್, ಆದ್ದರಿಂದ ಮೌಂಟ್ ಮಾಡಲಾಗದು (ಬಳಕೆಗೆ ತೆರೆಯಲಾಗದು) ಎಂಬ ಅರ್ಥದ ಸಂದೇಶ ಬರುತ್ತಿತ್ತು. ಈ ಸಂದೇಶವನ್ನು ತಾಳ್ಮೆಯಿಂದ ಓದಿದ್ದರೆ ಉತ್ತರ ಅದರಲ್ಲಿಯೇ ಇತ್ತು. ಎಕ್ಸ್‌ಫ್ಯಾಟ್ ಎಂಬ ಹೆಸರನ್ನು ಲ್ಯಾಪ್‌ಟಾಪ್ ಆ ಡಿಸ್ಕ್‌ನಿಂದಲೇ ಓದಿಕೊಂಡಿತ್ತು. ಅಂದರೆ ಡಿಸ್ಕ್ ಓದಲು ಸಿಗುತ್ತಿತ್ತು, ಓದಿದ್ದನ್ನು ನಿಭಾಯಿಸಬೇಕಾದ ಡ್ರೈವರ್ ಎಂಬ ತಂತ್ರಾಂಶ ಮಾತ್ರ ಲ್ಯಾಪ್‌ಟಾಪ್‌ಗೆ ಸಿಗುತ್ತಿರಲಿಲ್ಲ.

ತಂತ್ರಜ್ಞರು ಸಂದೇಶವನ್ನು ಮುಚ್ಚಿ, ಡಿಸ್ಕ್ ಅನ್ನು ಲಿನಕ್ಸ್‌ನ ಸ್ವಂತ ಫೈಲ್ ಸಿಸ್ಟಮ್ ಆದ ಎಕ್ಸ್ಟ್4 ರೂಪಕ್ಕೆ ಫಾರ್ಮ್ಯಾಟ್ ಮಾಡಿದರು. ಡಿಸ್ಕ್ ತಕ್ಷಣ ತೆರೆದುಕೊಂಡಿತು, ‘ನೋಡಿ, ಸರಿಹೋಯಿತು’ ಎಂದರು. ನಿಜದಲ್ಲಿ ಅದು ತೆರೆದದ್ದು ಬೇರೆ ಕಾರಣಕ್ಕೆ. ಲ್ಯಾಪ್‌ಟಾಪ್‌ನ ಸ್ವಂತ ಪಾರ್ಟಿಷನ್ ಕೂಡ ಎಕ್ಸ್ಟ್4 ಆಗಿದ್ದರಿಂದ ಆ ಡ್ರೈವರ್ ಮೊದಲೇ ಮೆಮೊರಿಯಲ್ಲಿತ್ತು. ತಪ್ಪು ತೀರ್ಮಾನಕ್ಕೆ ಇಂಥ ಸುಳ್ಳು ಸಾಕ್ಷಿ ಸಿಕ್ಕಿಬಿಟ್ಟರೆ ಅದನ್ನು ಪ್ರಶ್ನಿಸುವವರೇ ಇರುವುದಿಲ್ಲ.

ಸತ್ಯ ತಿಳಿದದ್ದು ಅದೇ ಲ್ಯಾಪ್‌ಟಾಪ್‌ಗೆ ಇನ್ನೊಂದು ಎಕ್ಸ್‌ಫ್ಯಾಟ್ ಪೆನ್‌ಡ್ರೈವ್ ಸಿಕ್ಕಿಸಿದಾಗ. ಅದಕ್ಕೂ ಅದೇ ಸಂದೇಶ ಬಂತು. ‘ಯುನೇಮ್’ ಆದೇಶವನ್ನು ಹೈಫನ್ ಆರ್ ಸೇರಿಸಿ (uname -r) ಕೊಟ್ಟಾಗ ಓಡುತ್ತಿರುವ ಕರ್ನಲ್‌ನ (ಲಿನಕ್ಸ್‌ನ ತಿರುಳಾದ ತಂತ್ರಾಂಶದ) ಆವೃತ್ತಿ ಕಾಣುತ್ತದೆ. ಮಾಡ್ಯೂಲ್‌ಗಳು, ಅಂದರೆ ಬೇಕಾದಾಗ ಕರ್ನಲ್‌ಗೆ ಸೇರುವ ಡ್ರೈವರ್‌ನಂಥ ತುಣುಕುಗಳು, ಇರುವ ಫೋಲ್ಡರ್‌ನಲ್ಲಿ ಅದಕ್ಕಿಂತ ಹೊಸ ಆವೃತ್ತಿಯದ್ದು ಮಾತ್ರ ಇತ್ತು. ಸಿಸ್ಟಮ್ ಅಪ್‌ಡೇಟ್ ಆದಾಗ ಹೊಸ ಕರ್ನಲ್ ಬಂದು ಕೂತಿತ್ತು, ಹಳೆಯದರ ಮಾಡ್ಯೂಲ್‌ಗಳು ಅಳಿಸಿಹೋಗಿದ್ದವು, ಆದರೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗದೆ ಹಳೆಯ ಕರ್ನಲ್‌ನಲ್ಲಿಯೇ ಮುಂದುವರಿದಿತ್ತು. ಮುಚ್ಚಳ ಮುಚ್ಚಿ ತೆರೆದರೆ ಅದು ನಿದ್ದೆಯಿಂದ ಎದ್ದಂತೆಯೇ ಹೊರತು ರೀಸ್ಟಾರ್ಟ್ ಅಲ್ಲ. ಉಬುಂಟು, ಫೆಡೋರಾ ಎಂಬ ಲಿನಕ್ಸ್ ವಿತರಣೆಗಳು ಹಳೆಯ ಕರ್ನಲ್ ಅನ್ನು ಮಾಡ್ಯೂಲ್ ಸಮೇತ ಉಳಿಸಿಕೊಳ್ಳುವುದರಿಂದ ಅಲ್ಲಿ ಈ ತೊಂದರೆ ಅಪರೂಪ. ಆರ್ಚ್ ಮಾದರಿಯವುಗಳಲ್ಲಿ ಇದು ಎಲ್ಲರಿಗೂ ಪರಿಚಿತ. ರೀಸ್ಟಾರ್ಟ್ ಮಾಡಿದೆ, ಪೆನ್‌ಡ್ರೈವ್ ತೆರೆದುಕೊಂಡಿತು. ಹಾರ್ಡ್ ಡಿಸ್ಕ್‌ಗೂ ಅಷ್ಟೇ ಸಾಕಿತ್ತು.

ಆದ್ದರಿಂದ ಯಾರೇ ಬಂದು ಡಿಸ್ಕ್ ನೋಡಲಿ, ಕರ್ನಲ್ ಲಾಗ್ (ಕರ್ನಲ್ ಬರೆದಿಡುವ ಸಂದೇಶಗಳ ದಾಖಲೆ) ನೋಡುವ ತನಕ ಅದರ ಮೇಲೆ ಏನನ್ನೂ ಬರೆಯಲು ಬಿಡಬೇಡಿ. ಟರ್ಮಿನಲ್‌ನಲ್ಲಿ ‘ಡಿಮೆಸೇಜ್’ ಆದೇಶವನ್ನು ಹೈಫನ್ ಡಬ್ಲ್ಯೂ ಸೇರಿಸಿ (dmesg -w), ಸೂಪರ್‌ಯೂಸರ್ ಅನುಮತಿಯೊಂದಿಗೆ ಓಡಿಸಿಟ್ಟು, ಆಮೇಲೆ ಡಿಸ್ಕ್ ಸಿಕ್ಕಿಸಿದರೆ ಸಾಲುಗಳು ಕಣ್ಣೆದುರಿಗೇ ಬರುತ್ತವೆ. ಒಂದು ಸಾಲೂ ಬಾರದಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ ಇರಲಿ, ಏಕೆಂದರೆ ಚಾರ್ಜಿಂಗ್‌ಗೆಂದೇ ಮಾಡಿದ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಡಿಸ್ಕ್ರಿಪ್ಟರ್ (ಸಾಧನ ತನ್ನ ಬಗ್ಗೆ ಕೊಡುವ ವಿವರ) ಓದಲಾಗಲಿಲ್ಲವೆಂಬ ಸಾಲಿನ ಜೊತೆ -71 ಅಥವಾ -110 ಎಂಬ ಸಂಖ್ಯೆ ಕಂಡರೆ, ಮೊದಲನೆಯದು ಸಂವಹನದ ನಿಯಮ ತಪ್ಪಿದ ಸೂಚನೆ, ಎರಡನೆಯದು ಕಾದರೂ ಉತ್ತರ ಬಾರದ ಸೂಚನೆ. ಎರಡರಲ್ಲೂ ಕೇಬಲ್, ಹಬ್ ಮತ್ತು ವಿದ್ಯುತ್ ಪೂರೈಕೆಯನ್ನು ಮೊದಲು ಪರೀಕ್ಷಿಸಬೇಕು. ಯುಎಸ್‌ಬಿ 2.0 ಪೋರ್ಟ್‌ಗೆ ನಿಗದಿಯಾದ ಮಿತಿ 500 ಮಿಲಿಆಂಪಿಯರ್, 3.0 ಪೋರ್ಟ್‌ಗೆ 900. ಪ್ರತ್ಯೇಕ ಅಡಾಪ್ಟರ್ ಇಲ್ಲದ ಹಬ್‌ಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿ ‘ಡಿಸ್ಕ್ ಹೋಗಿದೆ’ ಎನ್ನುವವರನ್ನು ನಂಬಲೇಬಾರದು.

ಡಿಸ್ಕ್‌ನ ವಿಭಾಗಕ್ಕೆ ಲಿನಕ್ಸ್ ಕೊಡುವ ಎಸ್‌ಡಿಬಿ1 (sdb1) ಎಂಬಂಥ ಹೆಸರು ಲಾಗ್‌ನಲ್ಲಿ ಬಂದು, ಗಾತ್ರವೂ ಸರಿಯಾಗಿ ಕಂಡರೆ ಯುಎಸ್‌ಬಿ ಮಟ್ಟದ ಕೆಲಸ ಮುಗಿಯಿತು. ತೊಂದರೆ ಅದರ ಮೇಲಿನ ಫೈಲ್ ಸಿಸ್ಟಮ್ ಮಟ್ಟದಲ್ಲಿದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ರೂಪದ ಡಿಸ್ಕ್ ಆಗಿದ್ದರೆ, ವಿಂಡೋಸ್ ಅದನ್ನು ಸರಿಯಾಗಿ ಬಿಡದೆ ಹೋಗಿರಬಹುದು: ಫಾಸ್ಟ್ ಸ್ಟಾರ್ಟಪ್ ಆನ್ ಇರುವ ಗಣಕವನ್ನು ಶಟ್‌ಡೌನ್ ಮಾಡಿದರೂ ಅದು ಅರ್ಧ ಹೈಬರ್ನೇಟ್ ಸ್ಥಿತಿಯಲ್ಲಿಯೇ ನಿಲ್ಲುತ್ತದೆ. 2021ರಲ್ಲಿ 5.15ನೆಯ ಕರ್ನಲ್‌ನೊಂದಿಗೆ ಬಂದ ಎನ್‌ಟಿಎಫ್‌ಎಸ್3 ಡ್ರೈವರ್ ಹೀಗೆ ಅರೆಬರೆ ಸ್ಥಿತಿಯ ಗುರುತುಳ್ಳ ಡಿಸ್ಕ್ ಅನ್ನು ಒತ್ತಾಯವಿಲ್ಲದೆ ಮೌಂಟ್ ಮಾಡುವುದಿಲ್ಲ. ಆಗ ಅದನ್ನು ವಿಂಡೋಸ್‌ಗೆ ಮರಳಿ ಸಿಕ್ಕಿಸಿ, ‘ಇಜೆಕ್ಟ್’ ಕೊಟ್ಟು ತೆಗೆದು ನೋಡುವುದು ಮೊದಲ ಹೆಜ್ಜೆ.

ಕಚೇರಿಯ ಲ್ಯಾಪ್‌ಟಾಪ್ ಆದರೆ ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲ್ ಅನ್ನೇ ಬೇಕೆಂದು ತಡೆದಿರಲೂಬಹುದು. ಅದು ರಿಪೇರಿಯ ವಿಷಯವಲ್ಲ.

ಫಾರ್ಮ್ಯಾಟ್ ಆದ ಮೇಲೆ ಉಳಿಯುವುದೆಷ್ಟು ಎಂಬುದನ್ನೂ ಹೇಳಬೇಕು. ಅಳಿದ ಕಡತಗಳನ್ನು ಹುಡುಕಿಕೊಡುವ ಫೋಟೋರೆಕ್ ತಂತ್ರಾಂಶ ಓಡಿಸಿದಾಗ ಸಿಕ್ಕ ಚಿತ್ರಗಳ ಹೆಸರೆಲ್ಲ ಎಫ್ ಅಕ್ಷರದ ಮುಂದೆ ಉದ್ದನೆಯ ಸಂಖ್ಯೆ ಅಂಟಿಸಿದಂತಿದ್ದವು. ಹಳೆಯ ಫೋಲ್ಡರ್‌ಗಳ ಸುಳಿವೇ ಇರಲಿಲ್ಲ, ಡಿಸ್ಕ್‌ನ ಬೇರೆಬೇರೆ ಕಡೆ ಚೂರುಚೂರಾಗಿ ಕೂತಿದ್ದ ದೊಡ್ಡ ವಿಡಿಯೋಗಳು ತೆರೆಯಲೇ ಇಲ್ಲ. ಇದು ಹಾರ್ಡ್ ಡಿಸ್ಕ್ ಆಗಿದ್ದರಿಂದ ಸಿಕ್ಕ ಫಲ. ಟ್ರಿಮ್ ಸೌಲಭ್ಯ ಕೆಲಸ ಮಾಡುವ ಎಸ್‌ಎಸ್‌ಡಿಯಾದರೆ, ಎಕ್ಸ್ಟ್4 ಫಾರ್ಮ್ಯಾಟ್ ತಾನಾಗಿಯೇ ಇಡೀ ಪಾರ್ಟಿಷನ್ ಖಾಲಿಯಾಯಿತೆಂದು ಡಿಸ್ಕ್‌ಗೆ ತಿಳಿಸುತ್ತದೆ, ಆಮೇಲೆ ಹುಡುಕಲು ಏನೂ ಉಳಿಯದು.

‘ಫಾರ್ಮ್ಯಾಟ್ ಬೇಡ, ಬರೀ ಚೆಕ್ ಮಾಡುತ್ತೇವೆ’ ಎಂದರೂ ಎಚ್ಚರ. ಲಿನಕ್ಸ್‌ನ ಎಫ್‌ಎಸ್‌ಸಿಕೆ, ವಿಂಡೋಸ್‌ನ ಚೆಕ್‌ಡಿಸ್ಕ್ ಎಂಬ ತಪಾಸಣಾ ಆದೇಶಗಳಿಗೆ ದುರಸ್ತಿಯ ಅನುಮತಿ ಕೊಟ್ಟರೆ ಅವೂ ಡಿಸ್ಕ್ ಮೇಲೆ ಬರೆಯುತ್ತವೆ. ಡಿಸ್ಕ್ ನಿಜವಾಗಿ ಸಾಯುತ್ತಿದ್ದರೆ ಆ ಓಡಾಟವೇ ಅದನ್ನು ಮುಗಿಸೀತು. ಮೊದಲು ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿ ಇಡೀ ಡಿಸ್ಕ್‌ನ ಪ್ರತಿಯನ್ನು ಬೇರೊಂದು ಡಿಸ್ಕ್‌ಗೆ ತೆಗೆದು, ಪ್ರಯೋಗವೆಲ್ಲ ಆ ಪ್ರತಿಯ ಮೇಲೆ ನಡೆಯಲಿ. ಡಿಸ್ಕ್ ಅನ್ನು ಲಕ್ಸ್ ಎಂಬ ಲಿನಕ್ಸ್ ವ್ಯವಸ್ಥೆಯಿಂದ ಗೂಢಲಿಪೀಕರಿಸಿದ್ದರಂತೂ ಫಾರ್ಮ್ಯಾಟ್‌ನಿಂದ ಮೊದಲು ಅಳಿಯುವುದು ಆರಂಭದಲ್ಲಿರುವ ಹೆಡರ್. ಕೀಲಿಗಳು ಅಲ್ಲಿಯೇ ಇರುವುದರಿಂದ, ಹೆಡರ್‌ನ ಬ್ಯಾಕಪ್ ಬೇರೆಡೆ ಇಲ್ಲದಿದ್ದರೆ ಪಾಸ್‌ವರ್ಡ್ ನೆನಪಿದ್ದರೂ ಒಂದು ಕಡತವೂ ಮರಳಿ ಬಾರದು.