ತಣ್ಣನೆ ಚರ್ಮಕ್ಕೆ ಒಗ್ಗುವ ಬಣ್ಣ: ಮೃತದೇಹಕ್ಕೆಂದೇ ಬರುವ ಮೇಕಪ್ ಕಿಟ್

ಮಾಮೂಲಿ ಲಿಪ್‌ಸ್ಟಿಕ್ ಹರಡುವುದು ಮೈಯ ಬಿಸಿಗೆ. ಶೈತ್ಯಾಗಾರದಿಂದ ಬಂದ ದೇಹದ ತುಟಿಗೆ ಅದನ್ನೇ ಎಳೆದರೆ ಗಟ್ಟಿ ಗೆರೆ ಮೂಡುತ್ತದೆ, ಒಣಗಿದ ತೆಳುಸಿಪ್ಪೆ ಕಿತ್ತು ಬರುತ್ತದೆ. ಹನ್ನೆರಡು ಡಬ್ಬಿಗಳ ಈ ಕಿಟ್‌ನ ಕ್ರೀಮು ಬೆಣ್ಣೆಗಿಂತ ಮೆದು. ತಣ್ಣನೆ ಚರ್ಮದ ಮೇಲೂ ಕುಂಚಕ್ಕೆ ಜಗ್ಗದೆ ಸಾಗುತ್ತದೆ. ಕೊಳ್ಳಲು ಇದೊಂದೇ ಕಾರಣ ಸಾಕು.

ಆದರೆ ದೇಹ ಹೊರಬಂದ ಕೂಡಲೇ ಡಬ್ಬಿ ತೆರೆಯಬೇಡಿ. ಮುಖದ ಮೇಲೆ ಗಾಳಿಯ ತೇವ ಹನಿಗಟ್ಟುತ್ತಲೇ ಇರುತ್ತದೆ. ಅದು ನಿಲ್ಲುವವರೆಗೆ ಒತ್ತಿ ಒರೆಸಬೇಕು. ಇಲ್ಲದಿದ್ದರೆ ಬಣ್ಣ ತೇಲುತ್ತದೆ, ಪೌಡರ್ ಮುದ್ದೆಯಾಗುತ್ತದೆ. ಕಿಟ್‌ನ ಮಸಾಜ್ ಕ್ರೀಮನ್ನು ಮುಖ ತೊಳೆದು ಒರೆಸಿದ ಮೇಲೆ ತೆಳುವಾಗಿ ಸವರಿಡಿ. ಜೀವವಿಲ್ಲದ ಚರ್ಮ ಬೆವರು, ಜಿಡ್ಡು ಸ್ರವಿಸದು. ಕಳೆದ ತೇವ ಮರಳುವುದಿಲ್ಲ. ತುಟಿ, ರೆಪ್ಪೆಗಳು ಮೊದಲು ಸುಕ್ಕಾಗಿ ಕಪ್ಪಾಗುತ್ತವೆ. ಶೇವ್ ಮಾಡುವಾಗ ಬ್ಲೇಡು ತರಚಿದ ಜಾಗವೂ ಅಷ್ಟೇ, ತಾಸುಗಳಲ್ಲಿ ಕಂದುಗಟ್ಟುತ್ತದೆ.

ರಕ್ತ ಕೆಳಗಿಳಿದು ನಿಂತ ನೇರಳೆ ಕಲೆ ಕಿವಿಯ ಹಿಂದೆ, ಕತ್ತಿನ ಬದಿಯಲ್ಲಿ ಕಾಣುವುದುಂಟು. ಅದರ ಮೇಲೆ ನೇರವಾಗಿ ಮೈಬಣ್ಣ ಬಳಿದರೆ ಬೂದುಬಣ್ಣವಾಗಿ ಇಣುಕುತ್ತದೆ. ಮೊದಲು ಹಳದಿಯನ್ನು ಅಕ್ಕಿಕಾಳಿನಷ್ಟು ತೆಗೆದು, ಉಜ್ಜದೆ, ಕುಂಚದ ತುದಿಯಿಂದ ಕುಟ್ಟಿ ಕೂರಿಸಿ; ಮೇಲೆ ಮೈಬಣ್ಣ. ನೀಲಿಗೆ ಕಿತ್ತಳೆ. ಕಾಮಾಲೆಯ ದೇಹಕ್ಕೆ ಫಾರ್ಮಾಲ್ಡಿಹೈಡ್ (ದೇಹ ಕೆಡದಂತೆ ಒಳಗೆ ತುಂಬುವ ರಾಸಾಯನಿಕ) ಹೋದರೆ ಚರ್ಮದಲ್ಲಿನ ಹಳದಿ ಪಿತ್ತವರ್ಣವಾದ ಬಿಲಿರುಬಿನ್ ಹಸಿರು ಬಿಲಿವರ್ಡಿನ್ ಆಗಬಹುದು. ಹಸಿರನ್ನು ಅಡಗಿಸಲು ಕೆಂಪು ಬೇಕು. ಇಲ್ಲಿರುವ ಕೆಂಪೋ ತುಟಿಗೆಂದು ಮಾಡಿದ ಕಡುಗೆಂಪು. ಕಂದು ಬೆರೆಸದೆ ಕೆನ್ನೆಗೆ ಹಚ್ಚಿದರೆ ನಾಟಕದ ಬಣ್ಣವೇ ಸೈ!

ಕೊನೆಗೆ ಕಿವಿಯ ಅಂಚು, ಮೂಗಿನ ತುದಿ, ಗಲ್ಲ, ಬೆರಳಗೆಣ್ಣುಗಳಿಗೆ ತುಸು ಕೆಂಪು ಕೊಡಬೇಕು. ಇದನ್ನು ಬಿಟ್ಟರೆ ಮುಖ ಎಷ್ಟೇ ನುಣುಪಾಗಿದ್ದರೂ ಮೇಣದ ಬೊಂಬೆ.

ಪೌಡರ್ ಮಾತ್ರ ದಂಡ. ಒಂದೇ ಬಣ್ಣ, ಅದೂ ಬಿಳಿ. ಕಂದು, ಕಪ್ಪು ಚರ್ಮದ ಮೇಲೆ ಬೂದಿ ಎರಚಿದಂತೆ ಕೂರುತ್ತದೆ. ಮೈಬಣ್ಣದ ಪೌಡರ್ ಬೇರೆ ತರಿಸಿಕೊಳ್ಳಿ. ಕುಂಚಗಳೂ ಕೂದಲು ಉದುರಿಸುತ್ತವೆ. ರೆಪ್ಪೆಯ ಮೇಲೆ ಬಿದ್ದ ಒಂದೆಳೆ ತೆಗೆಯಲು ಹೋದರೆ ಇಡೀ ಪದರ ಕೆಡುತ್ತದೆ. ಕ್ರೀಮನ್ನು ಚಮಚಿಕೆಯಿಂದ ತಟ್ಟೆಗೆ ತೆಗೆದುಕೊಂಡೇ ಬಳಸಿ. ದೇಹಕ್ಕೆ ಮುಟ್ಟಿಸಿದ ಕುಂಚವನ್ನು ಮತ್ತೆ ಡಬ್ಬಿಗೆ ಅದ್ದಿದರೆ ಆ ಡಬ್ಬಿ ಇನ್ನೊಬ್ಬರಿಗೆ ಬಳಸಲು ಬಾರದು.