ಎಸ್‌ಎಸ್‌ಎಸ್‌ಡಿ: ಲಾಗಿನ್‌ಗೆ ಒಳ್ಳೆಯದೇ, ಆದರೆ ಪೂರ್ತಿ ಪ್ಯಾಕೇಜ್ ಹಾಕಬೇಡಿ

ಕಾಲೇಜಿನ ಒಂದು ಲ್ಯಾಬ್‌ನಲ್ಲಿ ಡೆಬಿಯನ್ ಲಿನಕ್ಸ್ ಮೇಲೆ ಎಸ್‌ಎಸ್‌ಎಸ್‌ಡಿ (ಕೇಂದ್ರ ಸರ್ವರ್‌ನಲ್ಲಿರುವ ಹೆಸರು, ಪಾಸ್‌ವರ್ಡ್‌ನಿಂದಲೇ ಲಾಗಿನ್ ಮಾಡಿಸುವ ಪ್ರೋಗ್ರಾಂ) ಬಳಸುತ್ತಾ ವರ್ಷಗಳೇ ಆದವು. ನಮ್ಮ ಅಗತ್ಯ ಚಿಕ್ಕದು. ವಿದ್ಯಾರ್ಥಿಗಳ ಹೆಸರು, ಪಾಸ್‌ವರ್ಡ್ ಎಲ್ಲಾ ಒಂದು ಎಲ್‌ಡ್ಯಾಪ್ (ಬಳಕೆದಾರರ ಪಟ್ಟಿ ಇಡುವ ಡೈರೆಕ್ಟರಿ) ಸರ್ವರ್‌ನಲ್ಲಿದೆ, ಯಾವ ಕಂಪ್ಯೂಟರ್ ಮುಂದೆ ಕೂತರೂ ಅದರಲ್ಲೇ ಲಾಗಿನ್ ಆಗಬೇಕು. ವಿಂಡೋಸ್ ಡೊಮೇನ್ ಇಲ್ಲ, ಮೈಕ್ರೋಸಾಫ್ಟ್‌ನ ಆ್ಯಕ್ಟಿವ್ ಡೈರೆಕ್ಟರಿ ಇಲ್ಲ.

ಆದರೆ ಪ್ಯಾಕೇಜ್ ಹಾಕುವ ಆಪ್ಟ್‌ಗೆ ಸುಮ್ನೆ 'ಎಸ್‌ಎಸ್‌ಎಸ್‌ಡಿ' ಅಂತ ಹೇಳಿ ನೋಡಿ. ಅದೊಂದು ಮೆಟಾಪ್ಯಾಕೇಜ್, ಅಂದರೆ ಬೇರೆ ಪ್ಯಾಕೇಜ್‌ಗಳನ್ನು ಎಳೆದು ತರುವುದೇ ಅದರ ಕೆಲಸ. ಎಲ್‌ಡ್ಯಾಪ್ ಭಾಗದ ಜೊತೆ ಆ್ಯಕ್ಟಿವ್ ಡೈರೆಕ್ಟರಿಯದ್ದು, ಫ್ರೀಐಪಿಎಯದ್ದು, ಕೆರ್ಬರೋಸ್‌ದು, ಪ್ರಾಕ್ಸಿಯದ್ದು (ಇವೆಲ್ಲ ಬೇರೆ ಬೇರೆ ಲಾಗಿನ್ ವಿಧಾನಗಳಿಗೆ), ಮೇಲೊಂದು ಪೈಥಾನ್ ಲೈಬ್ರರಿ, ಎಲ್ಲಾ ಬಂದು ಕೂರುತ್ತವೆ. ಆ್ಯಕ್ಟಿವ್ ಡೈರೆಕ್ಟರಿ ಭಾಗದ ಬೆನ್ನಿಗೆ ಸಾಂಬಾ (ಲಿನಕ್ಸನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಲೈಬ್ರರಿಗಳ ಹಿಂಡು. ಒಬ್ಬರನ್ನು ಊಟಕ್ಕೆ ಕರೆದರೆ ಬೀಗರ ಬೀಗರೂ ಬಂದ ಹಾಗೆ. ಡಿಸ್ಕ್ ಜಾಗದ ಚಿಂತೆ ನನಗಿಲ್ಲ. ಸಾಂಬಾಗೆ ಸೆಕ್ಯುರಿಟಿ ಅಪ್‌ಡೇಟ್ ಬಂದಾಗಲೆಲ್ಲ, ಸಾಂಬಾ ಮುಟ್ಟದ ಯಂತ್ರಗಳನ್ನೂ ಅಪ್‌ಡೇಟ್ ಮಾಡುತ್ತಾ ಕೂರಬೇಕಲ್ವಾ, ಕಿರಿಕಿರಿ ಅದು.

ಪರಿಹಾರ ಸುಲಭ: ಎಸ್‌ಎಸ್‌ಎಸ್‌ಡಿ-ಎಲ್‌ಡ್ಯಾಪ್ ಪ್ಯಾಕೇಜ್ ಒಂದನ್ನೇ ಹಾಕಿ. 'ರೆಕಮೆಂಡ್ಸ್' (ಕಡ್ಡಾಯವಲ್ಲದಿದ್ದರೂ ಜೊತೆಗೆ ಬರುವ ಪ್ಯಾಕೇಜ್‌ಗಳು) ಬೇಡ ಅಂತ ಆಫ್ ಮಾಡುವವರು ಪ್ಯಾಮ್ (ಪಾಸ್‌ವರ್ಡ್ ಪರೀಕ್ಷಿಸುವುದು) ಮತ್ತು ಎನ್‌ಎಸ್‌ಎಸ್ (ಬಳಕೆದಾರರ ಹೆಸರು ಹುಡುಕುವುದು) ಮಾಡ್ಯೂಲ್‌ಗಳನ್ನು ಹೆಸರು ಹಿಡಿದು ಕೇಳಬೇಕು, ಇಲ್ಲದಿದ್ದರೆ ಡೀಮನ್ (ಹಿನ್ನೆಲೆಯ ಪ್ರೋಗ್ರಾಂ) ಓಡುತ್ತಿರುತ್ತದೆ, ಲಾಗಿನ್ ಮಾತ್ರ ಆಗುವುದಿಲ್ಲ. ಇಷ್ಟಾದರೂ ಟ್ಯಾಲಕ್, ಟಿವೆಂಟ್, ಎಲ್‌ಡಿಬಿ ಎಂಬ ಲೈಬ್ರರಿಗಳು ಬಂದೇ ಬರುತ್ತವೆ. ಇವೂ ಸಾಂಬಾ ಮನೆಯವೇ, ಆದರೆ ಎಸ್‌ಎಸ್‌ಎಸ್‌ಡಿ ತನ್ನ ಕ್ಯಾಶ್ (ಸರ್ವರ್‌ನಿಂದ ತಂದ ಮಾಹಿತಿಯ ಪ್ರತಿ) ಇಡುವುದೇ ಎಲ್‌ಡಿಬಿ ಫೈಲ್‌ನಲ್ಲಿ, ಹಾಗಾಗಿ ಅದರ ಬಗ್ಗೆ ತಕರಾರಿಲ್ಲ.

ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನುವವರು 2024ರ ಮಾರ್ಚ್‌ನ ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ಸಾಫ್ಟ್‌ವೇರ್) ಪ್ರಕರಣ ನೆನಪಿಸಿಕೊಳ್ಳಿ. ಎಕ್ಸ್‌ಝಡ್ 5.6.0 ಮತ್ತು 5.6.1ರಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದರು, ಗುರಿ ದೂರದಿಂದ ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಸರ್ವರ್, ಅಂದರೆ ಓಪನ್‌ಎಸ್‌ಎಸ್‌ಎಚ್. ವಿಚಿತ್ರ ಅಂದರೆ ಓಪನ್‌ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ಸಂಬಂಧವೇ ಇಲ್ಲ. 'ನಾನು ಶುರುವಾದೆ' ಅಂತ, ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿಗೆ ಒಂದು ಮಾತು ತಿಳಿಸಲು ಡೆಬಿಯನ್ ಮುಂತಾದವರು ಅದಕ್ಕೆ ಲಿಬ್‌ಸಿಸ್ಟಮ್‌ಡಿ ಸೇರಿಸಿದ್ದರು, ಅದರ ಜೊತೆ ಎಕ್ಸ್‌ಝಡ್‌ನ ಲೈಬ್ರರಿ ಒಳಗೆ ಬಂತು. ಆಂಡ್ರೆಸ್ ಫ್ರಾಯ್ಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್‌ಗೆ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗಿದ್ದು ಕಂಡು, ಅವರು ಕೆದಕಿದ್ದಕ್ಕೆ ಬಯಲಾಯಿತು. ಆಮೇಲೆ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಅದೇ ಕೆಲಸಕ್ಕೆ ಲೈಬ್ರರಿ ಇಲ್ಲದೆ ತಮ್ಮದೇ ಪುಟ್ಟ ಕೋಡ್ ಬರೆದರು.

ಬೇಡದ ಲೈಬ್ರರಿ ಒಳಗೆ ಬರಬಾರದು ಎಂಬ ಈ ಅಳತೆಗೋಲಲ್ಲಿ ನೋಡಿದರೆ ಎಸ್‌ಎಸ್‌ಎಸ್‌ಡಿಯ ವಿನ್ಯಾಸ ನಿಜಕ್ಕೂ ಚೆನ್ನಾಗಿದೆ, ಎಡವಟ್ಟು ಇರುವುದು ಪ್ಯಾಕೇಜ್ ಕಟ್ಟಿದ ರೀತಿಯಲ್ಲಿ. ಪ್ಯಾಮ್ ಮಾಡ್ಯೂಲ್ ಯಾವುದೇ ಇರಲಿ, ಅದು ಸುಡೋ (ಅಡ್ಮಿನ್ ಅಧಿಕಾರ ಕೊಡುವುದು), ಎಸ್‌ಎಸ್‌ಎಚ್ ಪ್ರೋಗ್ರಾಂಗಳ ಒಳಗೇ ಲೋಡ್ ಆಗುತ್ತದೆ. ಹಳೆಯ ಪ್ಯಾಮ್-ಎಲ್‌ಡ್ಯಾಪ್ ಇಡೀ ಎಲ್‌ಡ್ಯಾಪ್ ಲೈಬ್ರರಿಯನ್ನೇ ಅಲ್ಲಿಗೆ ಎಳೆದು ತರುತ್ತಿತ್ತು. ಎಸ್‌ಎಸ್‌ಎಸ್‌ಡಿಯ ಮಾಡ್ಯೂಲ್ ಹಗುರ, ಸಾಕೆಟ್ ಮೂಲಕ ಹಿಂದಿನ ಡೀಮನ್ ಜೊತೆ ಮಾತಾಡುತ್ತದೆ, ಭಾರದ ಕೆಲಸವೆಲ್ಲ ಅಲ್ಲಿ.

ದಿನನಿತ್ಯದ ಬಳಕೆಯಲ್ಲಿ ಮೆಚ್ಚಿದ್ದು ಕ್ಯಾಶ್. ಪಾಸ್‌ವರ್ಡ್ ಉಳಿಸುವ ಆಯ್ಕೆ ಆನ್ ಮಾಡಿದ್ದರೆ ಸರ್ವರ್ ಮಲಗಿದರೂ ಮೊದಲೇ ಲಾಗಿನ್ ಆಗಿದ್ದ ಹುಡುಗರು ಒಳಗೆ ಬರಬಹುದು. ಅದೇ ಕ್ಯಾಶ್ ತಲೆನೋವೂ ಹೌದು: ಸರ್ವರ್‌ನಲ್ಲಿ ಗ್ರೂಪ್ ಬದಲಿಸಿದರೆ ಯಂತ್ರಕ್ಕೆ ಗೊತ್ತಾಗಲು 5400 ಸೆಕೆಂಡ್, ಅಂದರೆ ಒಂದೂವರೆ ಗಂಟೆವರೆಗೂ ಹಿಡಿಯಬಹುದು, ಕಾಯೋಕಾಗದಿದ್ದರೆ ಕೈಯಾರೆ ಕ್ಯಾಶ್ ಅಳಿಸಬೇಕು. ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ) ಇಲ್ಲದ ಸರ್ವರ್‌ಗೆ ಪಾಸ್‌ವರ್ಡ್ ಕಳಿಸಲ್ಲ ಅಂತ ಹಠ ಮಾಡುತ್ತದೆ, ಅದು ಸರಿಯೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಲ್ಯಾಪ್‌ಟಾಪ್‌ಗಳಿದ್ದರೆ, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿದ್ದರೆ ಇದನ್ನೇ ಹಾಕಿ. ಸದಾ ತಂತಿಗೆ ಕಟ್ಟಿಹಾಕಿದ ಸರ್ವರ್‌ಗಳಿಗೆ, ಬರೀ ಎಲ್‌ಡ್ಯಾಪ್ ಸಾಕು ಅನ್ನುವವರಿಗೆ ಎನ್‌ಎಸ್‌ಎಲ್‌ಸಿಡಿ ಎಂಬ ಇದೇ ಕೆಲಸದ ಡೀಮನ್ ಇನ್ನೂ ಚಿಕ್ಕದು, ಆಫ್‌ಲೈನ್ ಲಾಗಿನ್ ಮಾತ್ರ ಅದರಲ್ಲಿ ಸಿಗುವುದಿಲ್ಲ.