ಓಕಿಯಾನೋಸ್ ಎಕ್ಸ್‌ಪ್ಲೋರರ್ ಲೈವ್ ವಿಡಿಯೋ: ಬೈಲಹೊಂಗಲದಿಂದ ನಾಲ್ಕೂವರೆ ಸ್ಟಾರ್
ಬೈಲಹೊಂಗಲದಾಗ ಒಂಬತ್ತನೇ ಇಯತ್ತೆ ಮಕ್ಕಳಿಗೆ ವಿಜ್ಞಾನ ಕಲಸ್ತೀನಿ. ಅಮೆರಿಕ ಸರ್ಕಾರದ ಸಮುದ್ರ-ಹವಾಮಾನ ಸಂಸ್ಥೆ ನೋವಾದ ಈ ಓಕಿಯಾನೋಸ್ ಎಕ್ಸ್‌ಪ್ಲೋರರ್ ಹಡಗು ಸಮುದ್ರದ ತಳಕ್ಕ ರೋಬೋ ಇಳಿಸೋ ದಿನ ಪುಕ್ಕಟೆ ಲೈವ್ ಬಿಡತೈತಿ.

ಹಡಗಿನ ಹಿಂದಿನ ಕಥಿ ಕೇಳ್ರಿ. 1988ರಾಗ ನೀರಿಗಿಳಿದಾಗ ಇದರ ಹೆಸರು ಕೇಪಬಲ್. ಉದ್ದನ ಕೇಬಲ್‌ನಾಗ ಸೋನಾರ್ ಮೈಕು ಎಳಕೋತ, ಸೋವಿಯತ್ ಜಲಾಂತರ್ಗಾಮಿಗಳ ಸಪ್ಪಳ ಆಲಿಸಾಕ ಕಟ್ಟಿದ ಹಡಗು. ಶೀತಲ ಸಮರ ಮುಗೀತು. 2004ರಾಗ ನೌಕಾಪಡೆ ಬಿಟ್ಟುಕೊಟ್ತು, 2008ರಿಂದ ಸಂಶೋಧನಾ ಹಡಗು. ಇದರ ಜೋಡಿ ಹಡಗು ಟೆನೇಷಿಯಸ್ ನ್ಯೂಜಿಲೆಂಡಿಗೆ ಹೋಗಿ, ರೆಸಲ್ಯೂಷನ್ ಅನ್ನೋ ಹೆಸರಿನಾಗ ಸಮುದ್ರ ಸರ್ವೇ ಮಾಡ್ತು. ಗುಜರಿಗೆ ಹಾಕದ ಹಿಂಗ ಬಳಸಿದ್ದು ನನಗ ಭಾಳ ಸೇರ್ತು.

ಡೀಪ್ ಡಿಸ್ಕವರರ್ ಅನ್ನೋ ಆ ರೋಬೋ 6000 ಮೀಟರ್ ತನಕ ಇಳೀತೈತಿ. ಇಳಿಯೋ ಹೊತ್ತು ಪರದೆ ಮ್ಯಾಲ ಬರೇ ಕಪ್ಪು ನೀರು, ಅವಸರದವರಿಗೆ ಇದಲ್ಲ. ತಳ ಮುಟ್ಟಿದ ಮ್ಯಾಲ ಹವಳ, ಸ್ಪಂಜು ಒಂದೊಂದರ ಮುಂದೂ ನಿಂತು ತೋರಸ್ತಾರ. 2016ರಾಗ ಹವಾಯಿ ಹತ್ರ, 4000 ಮೀಟರಿಗಿಂತ ಆಳದಾಗ ಸಿಕ್ಕ ಬೆಳ್ಳನ ಆಕ್ಟೋಪಸ್ ವಿಡಿಯೋ ನಮ್ಮ ಹುಡುಗರು ಮತ್ತ ಮತ್ತ ಹಾಕಸ್ತಾರ. ಜನ ಅದಕ್ಕ ಕಾರ್ಟೂನಿನ ಬೆಳ್ಳನ ದೆವ್ವದ ಹೆಸರಿಟ್ಟು ಕ್ಯಾಸ್ಪರ್ ಅಂತಾರ.

ಅರ್ಧ ಸ್ಟಾರ್ ಕಡಿಮಿ ಕೊಟ್ಟಿದ್ದು ಭಾಷೆಗೆ. ವಿಜ್ಞಾನಿಗಳು ಮಾತಾಡೋದು ಬರೇ ಇಂಗ್ಲಿಷ್, ಅದೂ ಭಾಳ ಜೋರು. ನಾನ ಪಕ್ಕಕ್ಕ ನಿಂತು ಕನ್ನಡದಾಗ ಹೇಳಬೇಕು. ಹಡಗು ಅಟ್ಲಾಂಟಿಕ್‌ದಾಗಿದ್ರ ಅವರ ಮುಂಜಾನೆ ನಮಗ ಸಂಜಿ, ಮಕ್ಕಳಿಗೆ ಅನುಕೂಲ. ಹವಾಯಿ ಕಡೆ ಹೋದ್ರ ನಡುರಾತ್ರಿ. ಆಗ ಯೂಟ್ಯೂಬ್‌ನಾಗಿರೋ ಹಳೇ ವಿಡಿಯೋ ನೋಡ್ರಿ, ದೊಡ್ಡ ಪರದೆ ಮ್ಯಾಲ. ಮೊಬೈಲ್‌ನಾಗ ಸಣ್ಣ ಜೀವಿಗಳು ಕಾಣಂಗಿಲ್ಲ.